ದೀರ್ಘಕಾಲದ ಕಾಯಿಲೆ ಮತ್ತು ದಾಂಪತ್ಯ: ಕ್ರೈಸ್ತ ಕಥೆ ಬರೆಯುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಸಭೆಗಳ ಪತ್ರಿಕೆಗಳಲ್ಲಿ ಮತ್ತು ಕ್ರಿಸ್ಮಸ್ ಸಂಚಿಕೆಗಳಲ್ಲಿ ಅಚ್ಚಾಗುವ ಕಥೆಗಳಲ್ಲಿ ಕಾಯಿಲೆ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಮುಗಿಯುತ್ತದೆ. ಉಪವಾಸ ಪ್ರಾರ್ಥನೆಯ ಕೊನೆಯ ದಿನ ರೋಗಿ ಎದ್ದು ಕುಳಿತುಕೊಳ್ಳುತ್ತಾಳೆ, ಇಲ್ಲವೇ ಮನೆಯವರನ್ನೆಲ್ಲ ಹರಸಿ ಕರ್ತನ ಬಳಿಗೆ ಹೋಗುತ್ತಾಳೆ. ಸಂಧಿವಾತ, ಮೂತ್ರಪಿಂಡದ ವೈಫಲ್ಯ, ಮಧುಮೇಹ, ಮೂರ್ಛೆರೋಗ ಮೊದಲಾದವುಗಳನ್ನು ಕುರಿತು ಬರೆಯಲು ಕುಳಿತಾಗ ಈ ಎರಡೂ ಮುಕ್ತಾಯಗಳು ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅವು ಬಹಳಷ್ಟು ಸಲ ಪೂರ್ತಿ ವಾಸಿಯಾಗುವುದಿಲ್ಲ, ಚಿಕಿತ್ಸೆ ನಡೆಯುತ್ತಿದ್ದರೆ ಸಾಮಾನ್ಯವಾಗಿ ಬೇಗನೆ ಜೀವ ತೆಗೆಯುವುದೂ ಇಲ್ಲ. ಹತ್ತಿಪ್ಪತ್ತು ವರ್ಷ ಮನೆಯ ಸದಸ್ಯರಂತೆ ಇದ್ದುಬಿಡುತ್ತವೆ. "ಆಕೆ ಗುಣವಾಗುವಳೇ?" ಎಂಬ ಪ್ರಶ್ನೆಯ ಮೇಲೆ ಕಟ್ಟಿದ ಕಥೆ ಆದ್ದರಿಂದಲೇ ಅರ್ಧದಲ್ಲಿ ಸೊರಗುತ್ತದೆ. ಕೇಳಬೇಕಾದುದು, ಗುಣವಾಗದ ಈ ಕಾಯಿಲೆಯ ಜೊತೆಯಲ್ಲಿ ಈ ಗಂಡ ಹೆಂಡತಿ ಒಬ್ಬರಿಗೊಬ್ಬರು ಎಂಥವರಾಗುತ್ತಾರೆ ಎಂಬುದನ್ನು. ಮುಂದೆ ಹೇಳುವ ಹೆಜ್ಜೆಗಳೆಲ್ಲವೂ ಈ ಪ್ರಶ್ನೆಯಿಂದ ಹೊರಟವು. ಉದಾಹರಣೆಗಾಗಿ ಸುಗುಣಾ ಮತ್ತು ದೇವಾನಂದ ಎಂಬ ಕಲ್ಪಿತ ದಂಪತಿಯನ್ನು ಇಟ್ಟುಕೊಂಡಿದ್ದೇನೆ: ಧಾರವಾಡದ ಮನೆ, ಹುಬ್ಬಳ್ಳಿಯಲ್ಲಿ ಗಂಡನ ನೌಕರಿ, ಗದಗ-ಬೆಟಗೇರಿಯಲ್ಲಿ ಹೆಂಡತಿಯ ತವರು.

ಹೆಜ್ಜೆ 1: ಕಾಯಿಲೆಗೆ ಹೆಸರಿರಲಿ, ಅದರ ದಿನಚರಿ ನಿಮಗೆ ಗೊತ್ತಿರಲಿ

"ಆಕೆಗೆ ಯಾವುದೋ ದೊಡ್ಡ ಜಡ್ಡು ಅಂಟಿತ್ತು" ಎಂದು ಬರೆದರೆ ಓದುಗರು ನಂಬುವುದಿಲ್ಲ. ಒಂದೇ ಕಾಯಿಲೆಯನ್ನು ಆರಿಸಿಕೊಂಡು, ಅದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಮೈಯಲ್ಲಿ ಏನು ಮಾಡುತ್ತದೆ, ವಾರದಲ್ಲಿ ಯಾವ ದಿನವನ್ನು ಕಸಿದುಕೊಳ್ಳುತ್ತದೆ, ತಿಂಗಳಿಗೆ ಎಷ್ಟು ಹಣ ಬೇಡುತ್ತದೆ ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿರಿ.

ಸುಗುಣಾಳಿಗೆ ರುಮಟಾಯ್ಡ್ ಸಂಧಿವಾತ ಎಂದಿಟ್ಟುಕೊಳ್ಳೋಣ. ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಕೀಲುಗಳ ಒಳಪದರದ ಮೇಲೆ ಎರಗುವುದರಿಂದ ಬರುವ ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬಹಳಷ್ಟು ಸಲ ಮೂವತ್ತರಿಂದ ಐವತ್ತರ ನಡುವೆ, ಅಂದರೆ ಸಂಸಾರದ ಭಾರ ಹೆಚ್ಚಿರುವ ವಯಸ್ಸಿನಲ್ಲಿಯೇ, ಬೆರಳು ಮತ್ತು ಮುಂಗೈಯ ಸಣ್ಣ ಕೀಲುಗಳಲ್ಲಿ, ಎರಡೂ ಕೈಗಳಲ್ಲಿ ಒಂದೇ ತೆರನಾಗಿ ಅದು ಕಾಣಿಸಿಕೊಳ್ಳುತ್ತದೆ. ಮುಂಜಾನೆ ಎದ್ದಾಗ ಒಂದು ತಾಸಿಗೂ ಮಿಕ್ಕಿ ಕೈ ಬಿಗಿದುಕೊಂಡಿದ್ದು, ಹೊತ್ತು ಏರಿದಂತೆ ಸಡಿಲಾಗುತ್ತದೆ. ಕೆಲವು ವಾರ ನೋವು ಕೆರಳುತ್ತದೆ; ಕೆಲವು ವಾರ ಎಷ್ಟು ತಣ್ಣಗಿರುತ್ತದೆಯೆಂದರೆ ನೋಡುವವರಿಗೆ ಇವಳು ಸೋಗು ಹಾಕುತ್ತಿದ್ದಳೇ ಎಂಬ ಸಂಶಯ ಬರುತ್ತದೆ. ಸೊಸೆ ಭಾನುವಾರ ನಗುತ್ತಾ ಓಡಾಡಿ, ಸೋಮವಾರ ಚಹಾದ ಲೋಟ ಹಿಡಿಯಲಾರದೆ ಹೋದರೆ ಅತ್ತೆಯವರು ಏನು ತಿಳಿದುಕೊಳ್ಳಬೇಕು? ಅವರನ್ನು ದುಷ್ಟೆಯನ್ನಾಗಿ ಮಾಡದೆಯೇ ಒಂದು ಜಗಳ ನಿಮಗೆ ಸಿಕ್ಕಿತು.

ಔಷಧದ ವಿವರವೂ ಕಥೆಯನ್ನು ನಡೆಸುತ್ತದೆ. ಈ ರೋಗಕ್ಕೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನಾಲೂ ನುಂಗಿದರೆ ಪ್ರಾಣಕ್ಕೇ ಅಪಾಯ. ಅದರ ಜೊತೆಗೆ ಫೋಲಿಕ್ ಆಮ್ಲದ ಗುಳಿಗೆ ಇರುತ್ತದೆ, ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆಯನ್ನು ಆಗಾಗ ಮಾಡಿಸಬೇಕಾಗುತ್ತದೆ. ಗುಳಿಗೆ ತೆಗೆದುಕೊಂಡ ಮರುದಿನ ಕೆಲವರಿಗೆ ಹೊಟ್ಟೆ ತೊಳಸಿ, ಮೈಯೆಲ್ಲ ಸುಸ್ತಾಗುತ್ತದೆ. ಸುಗುಣಾಳ ಗುಳಿಗೆ ಶನಿವಾರ ರಾತ್ರಿಯದಾಗಿದ್ದರೆ ಭಾನುವಾರದ ಆರಾಧನೆಯ ಗತಿಯೇನು ಎಂದು ಯೋಚಿಸಿರಿ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಗರ್ಭಿಣಿಯಾಗಿರುವಾಗ ಈ ಔಷಧ ಕೂಡದು. ಮಗು ಬೇಕೆನ್ನುವವರು ತಿಂಗಳುಗಳ ಮುಂಚೆಯೇ ವೈದ್ಯರ ಸಲಹೆಯಂತೆ ಅದನ್ನು ನಿಲ್ಲಿಸಬೇಕು. ಬಸಿರಿನಲ್ಲಿ ಹಲವರ ನೋವು ತಗ್ಗುತ್ತದೆ, ಹೆರಿಗೆಯ ನಂತರ ಮರಳಿ ಬರುತ್ತದೆ. ಎಳೆಗೂಸನ್ನು ಎತ್ತಿಕೊಳ್ಳಬೇಕಾದ ವಾರಗಳಲ್ಲೇ ಕೈ ಸೋಲುವ ತಾಯಿಯನ್ನು ಯಾವ ಲೇಖಕನೂ ಕಲ್ಪಿಸಿಕೊಂಡು ಹುಟ್ಟಿಸಬೇಕಾಗಿಲ್ಲ. ರೋಗದ ಸ್ವಭಾವವೇ ಅವಳನ್ನು ಒದಗಿಸುತ್ತದೆ.

ಬೇರೆ ಕಾಯಿಲೆಯ ದಿನಚರಿಯೇ ಬೇರೆ. ಗಂಡನಿಗೆ ಮೂತ್ರಪಿಂಡ ಸೋತಿದ್ದರೆ ವಾರಕ್ಕೆ ಸಾಮಾನ್ಯವಾಗಿ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ತಾಸು ಡಯಾಲಿಸಿಸ್. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ರಕ್ತನಾಳ) ಇರುವ ಕೈಗೆ ಬಿಪಿ ಪಟ್ಟಿಯನ್ನಾಗಲಿ ಬೇರೆ ಸೂಜಿಯನ್ನಾಗಲಿ ಹಾಕುವಂತಿಲ್ಲ. ಕುಡಿಯುವ ನೀರು ಅಳತೆಯದು. ಬಾಳೆಹಣ್ಣು, ಎಳನೀರು ಬೇಡ. ಅಲ್ಲಿಗೆ ರೋಗಿಯನ್ನು ನೋಡಲು ಬರುವ ನೆಂಟರೆಲ್ಲರೂ ತರುವುದು ಎಳನೀರನ್ನೇ! ಹೆಂಡತಿ ಅದನ್ನು ನಗುನಗುತ್ತಾ ಇಸಿದುಕೊಂಡು, ಅವರು ಹೋದ ಮೇಲೆ ನೆರೆಮನೆಗೆ ಕೊಟ್ಟು ಬರುವ ಒಂದು ಸಾಲು, ಡಾಕ್ಟರ ಬಾಯಿಂದ ಹೇಳಿಸುವ ಒಂದು ಪುಟದ ವಿವರಣೆಗಿಂತ ಹೆಚ್ಚು ತಿಳಿಸುತ್ತದೆ.

ಇದನ್ನೆಲ್ಲ ಕಲಿಯಲು ಪುಸ್ತಕವೊಂದೇ ಸಾಲದು. ಕಿಮ್ಸ್ ಎಂದು ಜನ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿಯೋ, ಜನ ಇಂದಿಗೂ ಜರ್ಮನ್ ದವಾಖಾನೆ ಎನ್ನುವ ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿಯೋ ಒಂದು ಮುಂಜಾನೆ ಸುಮ್ಮನೆ ಕುಳಿತು, ಜೊತೆಗೆ ಬಂದವರ ಕೈಯಲ್ಲಿ ಏನೇನಿದೆ ಎಂದು ನೋಡಿರಿ. ರೋಗಿಯ ಒಪ್ಪಿಗೆಯಿಲ್ಲದೆ ಅವರ ಕಥೆಯನ್ನು ಮಾತ್ರ ಎತ್ತಿಕೊಳ್ಳಬೇಡಿರಿ. ನಮ್ಮ ಸಭೆಗಳು ಚಿಕ್ಕವು. ಹೆಸರು ಬದಲಾಯಿಸಿದರೂ ಯಾರ ಮನೆಯದೆಂದು ಎಲ್ಲರಿಗೂ ತಿಳಿಯುತ್ತದೆ.

ಹೆಜ್ಜೆ 2: ಕಾಯಿಲೆಗೆ ಮುಂಚಿನ ದಾಂಪತ್ಯವನ್ನು ಬರೆಯಿರಿ

ಬಹಳ ಕಥೆಗಳು ರೋಗದಿಂದಲೇ ಶುರುವಾಗುವುದರಿಂದ ಓದುಗರಿಗೆ ಏನು ಕಳೆದುಹೋಯಿತೆಂದೇ ತಿಳಿಯುವುದಿಲ್ಲ. ಪ್ರಕಟಿಸುವುದಕ್ಕಲ್ಲದಿದ್ದರೂ ನಿಮ್ಮ ಉಪಯೋಗಕ್ಕಾಗಿ ಆ ಮನೆಯ ಕೆಲಸಗಳ ಪಟ್ಟಿಯೊಂದನ್ನು ಮಾಡಿಕೊಳ್ಳಿರಿ: ನೀರು ತುಂಬುವವರು ಯಾರು, ರೊಟ್ಟಿ ಬಡಿಯುವವರು ಯಾರು, ಮಗಳ ಹೆರಳು ಹಾಕುವವರು ಯಾರು, ಸಂಜೆಯ ಮನೆಪ್ರಾರ್ಥನೆಯಲ್ಲಿ ಸತ್ಯವೇದ ಓದುವವರು ಯಾರು, ಮುನಿಸಾದಾಗ ಮೊದಲು ಮಾತಾಡಿಸುವವರು ಯಾರು. ಕಾಯಿಲೆ ಬಂದ ಮೇಲೆ ಈ ಪಟ್ಟಿಯ ಯಾವ ಸಾಲು ಯಾರ ಪಾಲಿಗೆ ಹೋಗುತ್ತದೆ ಎಂಬುದೇ ನಿಮ್ಮ ಕಥೆಯ ಚಲನೆ.

ನಮ್ಮ ಕಡೆ ಜೋಳದ ರೊಟ್ಟಿಯನ್ನು ಬಿಟ್ಟು ಈ ಕಥೆಯನ್ನು ಬರೆಯಲಾಗದು. ಕಾದ ನೀರಿನಲ್ಲಿ ಹಿಟ್ಟು ನಾದುವುದಕ್ಕೂ ಅಂಗೈಯಿಂದ ಬಡಿಯುವುದಕ್ಕೂ ಬೇಕಾದುದು ಸಂಧಿವಾತ ಮೊದಲು ಹಿಡಿಯುವ ಆ ಬೆರಳು, ಆ ಮುಂಗೈಗಳೇ. ದೇವಾನಂದ ರೊಟ್ಟಿ ಬಡಿಯಲು ಕಲಿತನು ಎಂದು ಒಂದೇ ಸಾಲಿನಲ್ಲಿ ಹೇಳಿ ಅವನನ್ನು ಸಂತನನ್ನಾಗಿ ಮಾಡಬೇಡಿರಿ. ಮೊದಲು ಖಾನಾವಳಿಯಿಂದ ರೊಟ್ಟಿ ತರುತ್ತಾನೆ, ಅವನ ಅವ್ವ ಅದನ್ನು ಮುಟ್ಟುವುದಿಲ್ಲ, ಸುಗುಣಾ ಹಟಕ್ಕೆ ಬಿದ್ದು ಬಡಿದು ರಾತ್ರಿಯಿಡೀ ನರಳುತ್ತಾಳೆ, ಅವನು ರೇಗುತ್ತಾನೆ. ಗಂಡನು ಅಡಿಗೆಮನೆಗೆ ಕಾಲಿಡುವುದು ಅಷ್ಟೆಲ್ಲ ಆದ ಮೇಲಿನ ಮಾತು. ಆಗಲೂ ಬಾಗಿಲು ಮುಂದೆ ಮಾಡಿಕೊಂಡೇ, ಓಣಿಯವರಿಗೆ ಕಾಣದ ಹಾಗೆ.

ಹೆಜ್ಜೆ 3: ಯಾವ ಸಭೆ ಎಂಬುದು ಖಚಿತವಾಗಿರಲಿ

ಸಾಮಾನ್ಯ "ಕ್ರೈಸ್ತ ಕುಟುಂಬ" ಎಂಬುದೊಂದು ಇಲ್ಲ. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ಆ ಪರಂಪರೆಯ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕದ ಧರ್ಮಪ್ರಾಂತದಲ್ಲಿವೆ. ಅಲ್ಲಿನ ಹಳೆಯ ಮನೆಯೊಂದರಲ್ಲಿ ಕಾಯಿಲೆಯನ್ನು ಮೌನವಾಗಿ, ಶಿಸ್ತಿನಿಂದ ಹೊರುವುದೇ ಭಕ್ತಿಯೆಂಬ ನಂಬಿಕೆ ಇರಬಹುದು. ಕಥೋಲಿಕ ಮನೆಯಲ್ಲಿ ಜಪಮಾಲೆ ಇದೆ, ಫಾದರ್ ಬಂದು ಕೊಡುವ ರೋಗಿಗಳ ಅಭ್ಯಂಗ ಇದೆ, ಹರಕೆ ಇದೆ. ಪೆಂತೆಕೊಸ್ತ ಸಭೆಯಲ್ಲಿ ತಲೆಯ ಮೇಲೆ ಕೈಯಿಟ್ಟು ಸ್ವಸ್ಥತೆಗಾಗಿ ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ, ಅದರ ಬೆನ್ನಿಗೆ ಸಾಕ್ಷಿ ಹೇಳಬೇಕೆಂಬ ನಿರೀಕ್ಷೆಯೂ ಬರುತ್ತದೆ. ಗುಣವಾಗದವಳು ಸಾಕ್ಷಿಯಲ್ಲಿ ಏನು ಹೇಳಬೇಕು? ಗಂಡ ಒಂದು ಸಭೆಯವನು, ಹೆಂಡತಿಯ ತವರು ಇನ್ನೊಂದು ಸಭೆಯದು ಎಂದಿಟ್ಟರೆ ಈ ವ್ಯತ್ಯಾಸವನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ; ಎರಡು ಮನೆಯವರು ರೋಗಿಯ ಮಂಚದ ಎರಡು ಬದಿಯಲ್ಲಿ ನಿಂತು ಎರಡು ಬಗೆಯಲ್ಲಿ ಪ್ರಾರ್ಥಿಸಿದರೆ ಸಾಕು.

ಸಭೆಯ ಹೊತ್ತಿಗೂ ಕಾಯಿಲೆಯ ಹೊತ್ತಿಗೂ ಹೊಂದಿಕೆಯಾಗದ ಜಾಗಗಳನ್ನು ಹುಡುಕಿರಿ. ಆರಾಧನೆ ಬೆಳಗಿನದು, ಸುಗುಣಾಳ ಕೈಕಾಲು ಸಡಿಲಾಗುವುದು ಹೊತ್ತೇರಿದ ಮೇಲೆ. ಅವಳು ತಡವಾಗಿ ಬಂದು ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾಳೆ. ಹಾಡಿಗೆ ಏಳುವುದಿಲ್ಲ. ಪ್ರಭುಭೋಜನಕ್ಕೆ ಮೊಣಕಾಲೂರಲಾರಳು. ಮಹಿಳೆಯರ ಭಾನುವಾರ ಜ್ಞಾನೋಕ್ತಿಗಳ 31ನೆಯ ಅಧ್ಯಾಯವನ್ನು ಓದುತ್ತಾರೆ: ಇನ್ನೂ ಕತ್ತಲಿರುವಾಗಲೇ ಏಳುವ, ಕೈಗಳಿಂದ ಸಂತೋಷವಾಗಿ ದುಡಿಯುವ ಗುಣವತಿಯಾದ ಸತಿಯ ವರ್ಣನೆ. ಓದುವವರಿಗೆ ಯಾರನ್ನೂ ನೋಯಿಸುವ ಉದ್ದೇಶವಿಲ್ಲ. ಬಾತ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತವಳಿಗೆ ಆ ಅಧ್ಯಾಯ ಹೇಗೆ ಕೇಳಿಸಿತು ಎಂಬುದನ್ನು ನೀವು ಟೀಕೆಯಿಲ್ಲದೆ ಬರೆದರೆ, ನನ್ನ ಅಭಿಪ್ರಾಯದಲ್ಲಿ, ಕಥೆಯ ಅತ್ಯಂತ ಗಟ್ಟಿ ದೃಶ್ಯ ಅದೇ ಆಗುತ್ತದೆ.

ಹೆಜ್ಜೆ 4: ಯಾರ ಕಣ್ಣಿನಿಂದ ನೋಡುವುದು

ಸಣ್ಣ ಕಥೆಗೆ ಒಬ್ಬರ ನೋಟ ಸಾಕು, ಮತ್ತು ಅದು ಆರೈಕೆ ಮಾಡುವವನದಾದರೆ ಒಂದು ಅಪಾಯವಿದೆ: ರೋಗಿ ಮಂಚದ ಮೇಲಿನ ಮೂರ್ತಿಯಾಗಿಬಿಡುತ್ತಾಳೆ. ಅವಳಿಗೂ ಚೇಷ್ಟೆ, ಹೊಟ್ಟೆಕಿಚ್ಚು, ಸೀರೆಯ ಆಸೆ, ಸಭೆಯ ರಾಜಕೀಯದಲ್ಲಿ ಆಸಕ್ತಿ ಇರಲಿ. ಕಾದಂಬರಿಯಾದರೆ ಇಬ್ಬರ ನೋಟವನ್ನೂ ಅಧ್ಯಾಯ ಬಿಟ್ಟು ಅಧ್ಯಾಯ ಕೊಡಬಹುದು. ಒಂದೇ ರಾತ್ರಿಯನ್ನು ಇಬ್ಬರೂ ಬೇರೆ ಬೇರೆಯಾಗಿ ನೆನೆಸಿಕೊಳ್ಳುವಾಗ ಇಬ್ಬರೂ ಸ್ವಲ್ಪ ಸ್ವಲ್ಪ ಸರಿಯಾಗಿರಬೇಕು.

ಹೆಜ್ಜೆ 5: ಮನೆಯ ಮಾತು, ಪ್ರಾರ್ಥನೆಯ ಮಾತು

ಈ ಭಾಗದ ಕ್ರೈಸ್ತರ ಬಾಯಲ್ಲಿ ದಿನವೊಂದರಲ್ಲಿ ಮೂರು ಬಗೆಯ ಕನ್ನಡ ಬರುತ್ತದೆ. ಮನೆಯಲ್ಲಿ ಧಾರವಾಡದ ಆಡುಮಾತು, ಪ್ರಾರ್ಥನೆಯಲ್ಲಿ ಸತ್ಯವೇದದ ಗ್ರಾಂಥಿಕ ಕನ್ನಡ, ದವಾಖಾನೆಯಲ್ಲಿ ರಿಪೋರ್ಟು, ಸ್ಕ್ಯಾನು, ಕ್ರಿಯಾಟಿನೈನ್ ಬೆರೆತ ಮಾತು. ಪಾತ್ರಗಳು ಒಂದರಿಂದ ಇನ್ನೊಂದಕ್ಕೆ ಯಾವಾಗ ದಾಟುತ್ತವೆ ಎಂಬುದರ ಮೇಲೆ ನಿಗಾ ಇಡಿರಿ. ಆಡುಮಾತಿನೊಳಗೂ ಭೇದಗಳಿವೆ: ಗದಗದ ಹಳ್ಳಿಯ ಕಡೆಯವಳು "ಮಾಡಾಕ" ಎಂದರೆ ಧಾರವಾಡದ ಪೇಟೆಯ ಕೆಲವು ಮನೆಗಳಲ್ಲಿ "ಮಾಡ್ಲಿಕ್ಕೆ" ಎನ್ನುತ್ತಾರೆ. ಒಬ್ಬ ಪಾತ್ರಕ್ಕೆ ಒಂದನ್ನು ಕೊಟ್ಟ ಮೇಲೆ ಕೊನೆಯವರೆಗೂ ಅದನ್ನೇ ಉಳಿಸಿರಿ.

ಹೊಸಬರ ಹಸ್ತಪ್ರತಿಯಲ್ಲಿ ಸಾಮಾನ್ಯವಾಗಿ ಕಾಣುವ ಸಂಭಾಷಣೆ ಹೀಗಿರುತ್ತದೆ:

"ಪ್ರಿಯೇ, ನೀನು ಚಿಂತಿಸಬೇಡ. ನಿನ್ನ ನೋವಿನಲ್ಲಿ ನಾನೂ ಪಾಲುಗಾರನು. ದೇವರು ನಮ್ಮ ಸಂಗಡ ಇದ್ದಾನೆ."

ಯಾವ ಓಣಿಯಲ್ಲಿಯೂ ಯಾವ ಗಂಡನೂ ಹೀಗೆ ಮಾತಾಡುವುದಿಲ್ಲ. ಇದೇ ಕಾಳಜಿಯನ್ನು ಹೀಗೆ ತರಬಹುದು:

"ಗುಳಿಗಿ ತಗೊಂಡೀಯೇನು?"

"ಇವತ್ತ ಬುಧವಾರ ರೀ. ನಂದು ಶನಿವಾರದ್ದು."

"ಹಂಗಾರ ಡಬ್ಬಿ ಯಾಕ ಹೊರಗಿಟ್ಟೀ?"

"ಮುಚ್ಚಳ ತಗಿಯಾಕ ಬರ್ತೈತೋ ಇಲ್ಲೋ ನೋಡಾಕತ್ತಿದ್ದೆ."

ಅವನು ಡಬ್ಬಿಯನ್ನು ಇಸಿದುಕೊಂಡು ತೆರೆದನು. ಮತ್ತೆ ಮುಚ್ಚಿದನು, ಈ ಸಲ ಸಡಿಲಾಗಿ.

ಇಲ್ಲಿ ಪ್ರೀತಿ, ನೋವು, ದೇವರು ಎಂಬ ಯಾವ ಮಾತೂ ಬಂದಿಲ್ಲ. ವಾರಕ್ಕೊಂದೇ ಗುಳಿಗೆ ಎಂಬ ವೈದ್ಯಕೀಯ ವಿವರ ಮಾತ್ರ ತನ್ನಷ್ಟಕ್ಕೆ ಬಂದುಹೋಗಿದೆ. ಹೆಂಡತಿ "ರೀ" ಎನ್ನುತ್ತಾಳೆ, ಗಂಡ ಏಕವಚನದಲ್ಲಿ ಮಾತಾಡುತ್ತಾನೆ. ಈ ಪೀಳಿಗೆಯ ಬಹುಪಾಲು ಮನೆಗಳಲ್ಲಿ ಹಾಗೆಯೇ ಇರುತ್ತದೆ. ಎಂದಾದರೊಂದು ದಿನ, ಮೈಕೈ ಒರೆಸಿ ಸೀರೆ ಉಡಿಸುವ ಕೆಲಸವೂ ಅವನ ಪಾಲಿಗೆ ಬಂದ ಮೇಲೆ, ಅವಳ ಬಾಯಿಂದ "ರೀ" ತಪ್ಪಿಹೋದರೆ ಅದನ್ನು ಅವರಿಬ್ಬರಲ್ಲಿ ಯಾರು ಗಮನಿಸುತ್ತಾರೆ ಎಂದು ಕೇಳಿಕೊಳ್ಳಿರಿ.

ಹೆಜ್ಜೆ 6: ವಾಕ್ಯವನ್ನೂ ಪ್ರಾರ್ಥನೆಯನ್ನೂ ಪರಿಹಾರವಾಗಿ ಬಳಸಬೇಡಿರಿ

ಕ್ರೈಸ್ತ ಕಥೆ ಎಡವುವುದು ಹೆಚ್ಚಾಗಿ ಇಲ್ಲಿಯೇ. ದೃಶ್ಯ ಬಿಗಿಯಾಗುತ್ತಾ ಹೋಗಿ, ಇನ್ನೇನು ಇಬ್ಬರಲ್ಲಿ ಒಬ್ಬರು ಆಡಬಾರದ ಮಾತನ್ನು ಆಡಬೇಕು ಎನ್ನುವಷ್ಟರಲ್ಲಿ ಲೇಖಕರು ಒಂದು ವಚನವನ್ನು ತಂದು ಎಲ್ಲರನ್ನೂ ಸಮಾಧಾನಪಡಿಸಿಬಿಡುತ್ತಾರೆ. ಸತ್ಯವೇದ ಸ್ವತಃ ಹಾಗೆ ಮಾಡುವುದಿಲ್ಲ. ಯೋಬನ ಮೂವರು ಗೆಳೆಯರು ಬಂದು ಏಳು ದಿನ, ಏಳು ರಾತ್ರಿ ನೆಲದ ಮೇಲೆ ಅವನ ಸಂಗಡ ಮೌನವಾಗಿ ಕುಳಿತಿದ್ದರು. ಬಾಯಿ ತೆರೆದ ಮೇಲೆ ಅವರು ಆಡಿದ್ದರಲ್ಲಿ ಬಹುಪಾಲು ಧರ್ಮಸಮ್ಮತವಾಗಿ ಕೇಳಿಸುವ ಮಾತುಗಳೇ, ಆದರೂ ಕೊನೆಯಲ್ಲಿ ದೇವರು ಗದರಿಸಿದ್ದು ಅವರನ್ನು. ನಿಮ್ಮ ಕಥೆಯ ಸಾಂತ್ವನಗಾರರಿಗೂ ಒಳ್ಳೆಯ ವಚನಗಳನ್ನೇ ಕೊಡಿರಿ. ತಪ್ಪು ಹೊತ್ತಿನಲ್ಲಿ ಹೇಳಿದ ಸರಿಯಾದ ವಚನ ಮಾಡುವ ಗಾಯವೇ ಬೇರೆ.

ಯೋಬನ ಹೆಂಡತಿಗೆ ಆ ಗ್ರಂಥದಲ್ಲಿರುವುದು ಒಂದೇ ಮಾತು, ಅದೂ ದೇವರನ್ನು ದೂಷಿಸಿ ಸಾಯಿ ಎಂಬ ಮಾತು. ಪ್ರಸಂಗಗಳಲ್ಲಿ ಅವಳನ್ನು ಅವಿಶ್ವಾಸಿಯೆಂದು ಒಂದೇಟಿಗೆ ತಳ್ಳಿಹಾಕುತ್ತಾರೆ. ಸತ್ತ ಹತ್ತು ಮಕ್ಕಳು ಅವಳವರೂ ಆಗಿದ್ದರು, ಹುಣ್ಣು ತುಂಬಿದ ಗಂಡನ ಮನೆಯಲ್ಲಿ ಉಳಿದಿದ್ದವಳೂ ಅವಳೇ. ಆರೈಕೆ ಮಾಡುವವರ ಸಿಟ್ಟನ್ನು ಬರೆಯಲು ಹೆದರುವ ಲೇಖಕರಿಗೆ ಅವಳಿಗಿಂತ ಹತ್ತಿರದ ಆಧಾರ ಬೇರೆ ಬೇಕಿಲ್ಲ.

"ಯಾರ ಪಾಪ?" ಎಂಬ ಪ್ರಶ್ನೆ ನಿಮ್ಮ ಕಥೆಯಲ್ಲಿ ಬಂದೇ ಬರುತ್ತದೆ. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಕೇಳಿದ್ದೂ ಅದನ್ನೇ, ಇವನು ಪಾಪ ಮಾಡಿದನೋ ಇವನ ತಂದೆತಾಯಿಗಳೋ ಎಂದು. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಯೇಸು ಎರಡನ್ನೂ ಅಲ್ಲವೆಂದನು. ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಅಷ್ಟು ನೇರವಾಗಿ ಬರುವುದಿಲ್ಲ. "ಮದಿವ್ಯಾದಾಗಿಂದ ಮನಿಯೊಳಗ ಒಂದಿಲ್ಲೊಂದು ಐತಿ ನೋಡವ್ವಾ" ಎಂಬ ಹಾದುಹೋಗುವ ಮಾತಾಗಿ ಬರುತ್ತದೆ. ಹಾಗೆಯೇ ಬರೆಯಿರಿ.

ಗುಣವಾಗದೆ ಉಳಿದವರು ಹೊಸ ಒಡಂಬಡಿಕೆಯಲ್ಲಿಯೂ ಇದ್ದಾರೆ. ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲಕ್ಕಾಗಿ ಮೂರು ಸಾರಿ ಬೇಡಿಕೊಂಡು ಪಡೆದ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು" ಎಂಬುದು. ಅವನು ತ್ರೊಫಿಮನನ್ನು ಮಿಲೇತದಲ್ಲಿ ರೋಗಿಯಾಗಿಯೇ ಬಿಟ್ಟುಬಂದನು. ತಿಮೊಥೆಯ ಪದೇಪದೇ ಬರುವ ಅಸ್ವಸ್ಥತೆಗೆ ಅವನು ಕೊಟ್ಟದ್ದು ಮನೆಮದ್ದಿನ ಸಲಹೆ. ಇತ್ತ ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯದ ಹೆಂಗಸು ಹನ್ನೆರಡು ವರ್ಷ ನರಳಿ, ಇದ್ದದ್ದನ್ನೆಲ್ಲ ವೈದ್ಯರಿಗೆ ಸುರಿದ ನಂತರ ಗುಣವಾದಳು. ಎರಡೂ ಬಗೆಯವು ಒಂದೇ ಪುಸ್ತಕದಲ್ಲಿರುವಾಗ, ನಿಮ್ಮ ಕಥೆಯ ಸಭಾಪಾಲಕರು ಮಾತ್ರ ಒಂದನ್ನೇ ಬೋಧಿಸುತ್ತಿದ್ದರೆ ಅದಕ್ಕೆ ಅವರಲ್ಲೊಂದು ಕಾರಣವಿರಬೇಕು. ಬಹುಶಃ ಅವರ ಮನೆಯಲ್ಲಿಯೂ ಒಬ್ಬರು ಮಲಗಿರಬಹುದು.

ಪ್ರಾರ್ಥನೆಯ ದೃಶ್ಯ ಬರೆಯುವಾಗ ಸಭೆಯ ಎದುರಿನ ಪ್ರಾರ್ಥನೆಗೂ ಒಂಟಿಯಾಗಿ ಮಾಡುವ ಪ್ರಾರ್ಥನೆಗೂ ದನಿ ಬೇರೆಯಾಗಿರಲಿ. ಯಾಕೋಬನ ಪತ್ರಿಕೆ ಹೇಳಿದಂತೆ ಸಭೆಯ ಹಿರಿಯರು ಬಂದು ಎಣ್ಣೆ ಹಚ್ಚಿ, "ಕರ್ತನೇ, ನಿನ್ನ ದಾಸಿಯ ಮೇಲೆ ಕಟಾಕ್ಷವಿಡು, ನಿನ್ನ ಚಿತ್ತದಂತೆ ಆಕೆಯನ್ನು ಎಬ್ಬಿಸು" ಎಂದು ಪ್ರಾರ್ಥಿಸಿ ಹೋಗುತ್ತಾರೆ. ಮರುದಿನ ನಸುಕಿನಲ್ಲಿ ಅದೇ ದಾಸಿ, ಬಿಸಿನೀರಿನ ಪಾತ್ರೆಯಲ್ಲಿ ಎರಡೂ ಕೈ ಅದ್ದಿಕೊಂಡು, "ಯೇಸಪ್ಪಾ, ಇವತ್ತ ಒಂದಿನ ನಾಕ ರೊಟ್ಟಿ ಆಗೂವಷ್ಟರ ಕೈ ಬಿಡಿಸಿಕೊಡಪಾ" ಎನ್ನುತ್ತಾಳೆ. ಎರಡನ್ನೂ ಅಕ್ಕಪಕ್ಕ ಇಡಿರಿ. ಯಾವುದು ಹೆಚ್ಚು ನಿಜವೆಂದು ನೀವು ತೀರ್ಪು ಕೊಡಬೇಡಿರಿ. ಪ್ರಾರ್ಥನೆಯೇ ಬಾರದ ಕಾಲವೂ ಇರುತ್ತದೆ. 88ನೆಯ ಕೀರ್ತನೆ ಬೆಳಕಿನ ಕಡೆಗೆ ತಿರುಗದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಆದರೂ ಅದು ಕೀರ್ತನೆಗಳ ಸಾಲಿನಲ್ಲಿಯೇ ಇದೆ.

ಹೆಜ್ಜೆ 7: ಸಭ್ಯತೆಯ ಹೆಸರಿನಲ್ಲಿ ನಾವು ಮುಚ್ಚಿಡುವ ಸಂಗತಿಗಳು

ಹಣ, ಶರೀರದ ಬಯಕೆ, ಬಿಟ್ಟುಹೋಗುವ ಆಲೋಚನೆ. ಈ ಮೂರನ್ನು ಬಿಟ್ಟರೆ ದಾಂಪತ್ಯದ ಕಥೆಯಲ್ಲಿ ದಾಂಪತ್ಯವೇ ಉಳಿಯುವುದಿಲ್ಲ.

ಹಣದ ವಿಷಯದಲ್ಲಿ ಖಚಿತವಾಗಿರಿ. ಆಯುಷ್ಮಾನ್ ಕಾರ್ಡ್ ಆಸ್ಪತ್ರೆಗೆ ದಾಖಲಾದಾಗ ಒದಗುತ್ತದೆಯೇ ಹೊರತು, ಪ್ರತಿ ತಿಂಗಳ ಗುಳಿಗೆ, ರಕ್ತಪರೀಕ್ಷೆ, ಬಸ್ ಚಾರ್ಜುಗಳಿಗೆ ಸಾಮಾನ್ಯವಾಗಿ ಆಗುವುದಿಲ್ಲ. ದೀರ್ಘಕಾಲದ ಕಾಯಿಲೆ ಮನೆಯನ್ನು ಬರಿದುಮಾಡುವುದು ಇಂತಹ ಸಣ್ಣ ಖರ್ಚುಗಳಿಂದ. ಅವಳ ಬಂಗಾರ ಒತ್ತೆ ಬೀಳುವ ದಿನ, ಮೊದಲು ಯಾವ ಒಡವೆ ಹೋಯಿತು ಎಂದು ಹೇಳಿರಿ. ಪ್ರಯಾಣವನ್ನೂ ಮರೆಯಬೇಡಿರಿ: ಹುಬ್ಬಳ್ಳಿ ಧಾರವಾಡಗಳ ನಡುವಿನ ಚಿಗರಿ ಬಸ್ಸನ್ನು ನಿಲ್ದಾಣದ ಕಟ್ಟೆಯಿಂದ ಸಮಮಟ್ಟದಲ್ಲಿ ಹತ್ತಬಹುದು, ಗದಗಿಗೆ ಹೋಗುವ ಸಾಮಾನ್ಯ ಬಸ್ಸಿನ ಎತ್ತರದ ಮೆಟ್ಟಿಲನ್ನು ಬಾತ ಮೊಣಕಾಲಿನಿಂದ ಹತ್ತಲಾಗದು. ಸುಗುಣಾ ತವರಿಗೆ ಹೋಗುವುದನ್ನು ಬಿಟ್ಟದ್ದು ಯಾಕೆಂದು ತಂಗಿ ತಪ್ಪು ತಿಳಿದುಕೊಳ್ಳಲು ಇಷ್ಟು ಸಾಕು.

ಶರೀರದ ಸಂಬಂಧವನ್ನು ಬರೆಯಲು ಸಂಕೋಚಪಡುವವರು, ಆದಿಕಾಂಡದ "ಒಂದೇ ಶರೀರ" ಎಂಬ ಮಾತು ಮದುವೆಯ ಆರಾಧನೆಯಲ್ಲಿ ಎಲ್ಲರೆದುರಿಗೇ ಕೇಳಿಬರುತ್ತದೆ ಎಂಬುದನ್ನು ನೆನೆಯಲಿ. ಮುಟ್ಟಿದರೆ ನೋಯುವ ಶರೀರ, ಮುಟ್ಟಲು ಹೆದರುವ ಗಂಡ, ಆ ಹೆದರಿಕೆಯನ್ನು ಅಸಹ್ಯವೆಂದು ತಿಳಿದುಕೊಳ್ಳುವ ಹೆಂಡತಿ. ವಿವರಗಳು ಬೇಡ, ಹಾಸಿಗೆಗಳು ಯಾವಾಗ ಬೇರೆಯಾದವು, ಯಾರು ಬೇರೆ ಮಾಡಿದರು, ಮತ್ತೆ ಯಾರು ಹತ್ತಿರಕ್ಕೆ ಎಳೆದರು ಎಂಬುದನ್ನು ಬರೆದರೆ ಸಾಕು.

ಬಿಟ್ಟುಹೋಗುವ ಮಾತು ಬಂದಾಗ ಕಾನೂನು ತಪ್ಪಬಾರದು. ಕ್ರೈಸ್ತರ ವಿಚ್ಛೇದನಕ್ಕೆ ಅನ್ವಯಿಸುವುದು 2001ರಲ್ಲಿ ತಿದ್ದುಪಡಿಯಾದ 1869ರ ಕಾಯ್ದೆ. ಅದರಲ್ಲಿ ವ್ಯಭಿಚಾರ, ಕ್ರೌರ್ಯ, ಎರಡು ವರ್ಷ ತ್ಯಜಿಸಿರುವುದು ಮೊದಲಾದ ಕಾರಣಗಳಿವೆ. ಕುಷ್ಠರೋಗವನ್ನು 2019ರಲ್ಲಿ ಆ ಪಟ್ಟಿಯಿಂದ ತೆಗೆದುಹಾಕಿದರು. ಸಂಧಿವಾತವಾಗಲಿ ಮೂತ್ರಪಿಂಡದ ವೈಫಲ್ಯವಾಗಲಿ ವಿಚ್ಛೇದನಕ್ಕೆ ಕಾರಣವೆಂದು ಅಲ್ಲಿ ಇಲ್ಲ. ಆದ್ದರಿಂದ "ಜಡ್ಡಿನಾಕಿನ್ನ ಬಿಟ್ಟು ಇನ್ನೊಂದ ಮಾಡ್ಕೋ" ಎನ್ನುವ ದೊಡ್ಡಪ್ಪನ ಬಾಯಿಗೆ ಕಾನೂನಿನ ಆಧಾರ ಕೊಡಬೇಡಿರಿ. ಅವನಿಗೆ ಬೇಕಾಗಿರುವುದು ಕಾನೂನಲ್ಲ, ಮೊಮ್ಮಗ.

ಮೂತ್ರಪಿಂಡದ ಕಥೆಯಾದರೆ ಅಂಗದಾನದ ಪ್ರಶ್ನೆ ಬರುತ್ತದೆ. 1994ರ ಕಾಯ್ದೆಯ ಪ್ರಕಾರ ಗಂಡ ಹೆಂಡತಿ ಪರಸ್ಪರ ಹತ್ತಿರದ ಸಂಬಂಧಿಗಳು, ಒಬ್ಬರಿಗೊಬ್ಬರು ದಾನ ಮಾಡಬಹುದು. ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಂಗಸರ ಪಾಲೇ ಹೆಚ್ಚು. ಹೆಂಡತಿ ಗಂಡನಿಗೆ ಕೊಟ್ಟರೆ ಸಭೆಯಲ್ಲಿ ಅವಳನ್ನು ಕೊಂಡಾಡುತ್ತಾರೆ. ಗಂಡ ಹೆಂಡತಿಗೆ ಕೊಡುತ್ತೇನೆ ಎಂದರೆ ಅವನ ಅವ್ವ, ಅಕ್ಕ, ಭಾವ ಎಲ್ಲರೂ ಮನೆಗೆ ಬರುತ್ತಾರೆ. ಎರಡನೆಯದನ್ನು ಬರೆಯಿರಿ.

ಹೆಜ್ಜೆ 8: ಘಟನೆಗಳನ್ನು ಜೋಡಿಸುವುದು

ಕೆರಳುವ, ತಣಿಯುವ, ಮತ್ತೆ ಕೆರಳುವ ಕಾಯಿಲೆಗೆ ಏರುತ್ತಾ ಹೋಗುವ ಕಥಾರೇಖೆ ಒಗ್ಗುವುದಿಲ್ಲ. ಸಭೆಯ ವರ್ಷವನ್ನೇ ಚೌಕಟ್ಟಾಗಿ ಬಳಸಿಕೊಳ್ಳಿರಿ: ಆಗಮನ ಕಾಲದಿಂದ ಹೊರಟು ಕ್ರಿಸ್ಮಸ್, ತಪಸ್ಸಿನ ಕಾಲ, ಶುಭಶುಕ್ರವಾರ, ಪುನರುತ್ಥಾನದ ಹಬ್ಬ, ಸುಗ್ಗಿ ಹಬ್ಬ, ಮತ್ತೆ ಆಗಮನ. ಹಬ್ಬಗಳು ತಪ್ಪದೆ ಬರುತ್ತವೆ, ಆಕೆ ಅವುಗಳಿಗೆ ಹೇಗಿರುತ್ತಾಳೆ ಎಂಬುದು ಬದಲಾಗುತ್ತದೆ. ಒಂದು ಎಚ್ಚರಿಕೆ: ಪುನರುತ್ಥಾನದ ದಿನವೇ ಅವಳ ನೋವು ಇಳಿಯುವಂತೆ ಮಾಡಬೇಡಿರಿ. ಬೇಕಾದರೆ ಯಾವ ಹಬ್ಬವೂ ಇಲ್ಲದ, ಜುಲೈ ತಿಂಗಳ ಜಿಟಿಜಿಟಿ ಮಳೆಯ ಒಂದು ಮಂಗಳವಾರ ಇಳಿಯಲಿ.

ಚಮತ್ಕಾರವೇ ಬೇಡವೆಂದು ನಾನು ಹೇಳುತ್ತಿಲ್ಲ. ವಿಶ್ವಾಸಿಯಾದ ಲೇಖಕನಿಗೆ ಅದನ್ನು ಬರೆಯುವ ಹಕ್ಕಿದೆ. ಆದರೆ ಅದು ಕಥೆಯ ನಡುವಿನಲ್ಲಿ ಬರಲಿ, ಮತ್ತು ಪಕ್ಕದ ಮನೆಯವರಿಗೆ ಬರಲಿ. ಅದೇ ಪ್ರಾರ್ಥನೆ, ಅದೇ ಎಣ್ಣೆ, ಅದೇ ಸಭಾಪಾಲಕರು. ಇನ್ನೊಬ್ಬರು ಎದ್ದು ಸಾಕ್ಷಿ ಹೇಳುತ್ತಿರುವಾಗ ಸುಗುಣಾ ಕೈ ಜೋಡಿಸಲು ಪ್ರಯತ್ನಿಸುತ್ತಾಳೆ. ಆ ರಾತ್ರಿ ಗಂಡ ಹೆಂಡತಿ ಏನು ಮಾತಾಡಿಕೊಂಡರು ಎಂಬಲ್ಲಿಂದ ಕಥೆಯ ಉತ್ತರಾರ್ಧ ಹೊರಡಲಿ.

ಕೊನೆಯ ದೃಶ್ಯಕ್ಕೆ ನನ್ನದೊಂದು ಸರಳ ಅಳತೆ ಇದೆ. ಕಾಯಿಲೆಯ ಸ್ಥಿತಿಯನ್ನು ಆ ದೃಶ್ಯದಿಂದ ತೆಗೆದುಹಾಕಿ ಓದಿರಿ. ಇಬ್ಬರ ನಡುವೆ ಮೊದಲ ಅಧ್ಯಾಯದಲ್ಲಿ ಸಾಧ್ಯವಿರದಿದ್ದ ಯಾವುದೋ ಒಂದು ಈಗ ಸಾಧ್ಯವಾಗಿದ್ದರೆ, ಅದು ಸಹಾಯ ಕೇಳುವುದಾಗಲಿ, ಇಲ್ಲವೆನ್ನುವುದಾಗಲಿ, ಒಬ್ಬರ ಮೇಲೊಬ್ಬರು ಕೂಗಾಡಿ ಅದೇ ಸಂಜೆ ಕೂಡಿ ಪ್ರಾರ್ಥನೆಗೆ ಕೂರುವುದಾಗಲಿ, ಕಥೆ ಮುಗಿದಿದೆ.

ಹೆಜ್ಜೆ 9: ತಿದ್ದುವುದು

ಕರಡನ್ನು ಮೂವರಿಗೆ ಓದಲು ಕೊಡಿರಿ: ಆ ಕಾಯಿಲೆ ಇರುವ ಒಬ್ಬರಿಗೆ, ಅಂಥವರನ್ನು ನೋಡಿಕೊಂಡ ಒಬ್ಬರಿಗೆ, ಒಬ್ಬ ನರ್ಸಿಗೆ. ಸಭಾಪಾಲಕರಿಗೆ ಕೊಡುವುದಾದರೆ ಈ ಮೂವರ ನಂತರ ಕೊಡಿರಿ, ಇಲ್ಲವಾದರೆ ಸಿಟ್ಟಿನ ಪುಟಗಳು ಮೊದಲೇ ಮೆತ್ತಗಾಗಿಬಿಡುತ್ತವೆ. ರೋಗಿಯ ಹತ್ತಿರ "ಹೇಗಿದೆ?" ಎಂದು ಕೇಳದೆ, "ಎಲ್ಲಿ ಸುಳ್ಳು ಅನ್ನಿಸಿತು?" ಎಂದು ಕೇಳಿರಿ. ಬಳಿಕ ಹಸ್ತಪ್ರತಿಯಲ್ಲಿರುವ ಎಲ್ಲ ವಚನಗಳಿಗೆ ಕೆಂಪು ಗೆರೆ ಹಾಕಿ, ಪ್ರತಿಯೊಂದನ್ನೂ ಯಾವ ಪಾತ್ರ, ಯಾವ ಹೊತ್ತಿನಲ್ಲಿ, ಯಾರ ಬಾಯಿ ಮುಚ್ಚಿಸಲು ಅಥವಾ ಯಾರ ಕೈ ಹಿಡಿಯಲು ಹೇಳುತ್ತಿದೆ ಎಂದು ಅಂಚಿನಲ್ಲಿ ಬರೆಯಿರಿ. ಉತ್ತರ ಸಿಗದ ವಚನ ಲೇಖಕರೇ ಓದುಗರಿಗೆ ಹೇಳುತ್ತಿರುವುದು, ಅದನ್ನು ಹೊಡೆದುಹಾಕಿರಿ. ವಾರದ ದಿನಗಳನ್ನೂ ಗುಳಿಗೆಯ ದಿನಗಳನ್ನೂ ಒಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ ತಾಳೆ ನೋಡಿರಿ. ಕೊನೆಗೆ ಸಂಭಾಷಣೆಗಳನ್ನು ಮಾತ್ರ ಆಯ್ದು, ನಿಮ್ಮ ಭಾಗದ ಹಿರಿಯ ಹೆಂಗಸೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿರಿ. ಅವರು ನಡುವೆ ಬಾಯಿ ಹಾಕಿ "ಹಂಗ ಯಾರ ಅಂತಾರ?" ಎಂದ ಕಡೆಯಲ್ಲೆಲ್ಲ ಒಂದು ಗುರುತು ಹಾಕಿಕೊಂಡು, ಅವರು ಹೇಗೆ ಅನ್ನುತ್ತಿದ್ದರೆಂದು ಅಲ್ಲಿಯೇ ಕೇಳಿ ಬರೆದುಕೊಳ್ಳಿರಿ.